ಕೊನೆಯ ಘಾಣ

ಹೊಸಪೇಟೆ ಮುಗಿದು ಸಂಡೂರಿನ ಗುಡ್ಡ ಶುರುವಾಗುವ ಮೊದಲು, ರಸ್ತೆಯ ಎಡಕ್ಕೆ ಒಂದು ಬೇವಿನ ಮರ, ಮರದ ಮಗ್ಗುಲಿಗೆ ಒಂದು ಮನೆ, ಮನೆಯ ಮುಂದೆ ತಗಡಿನ ಚಪ್ಪರ. ಆ ಚಪ್ಪರದ ಕೆಳಗೆ ಗಂಗಾಂಬಿಕಾ ಹೊತ್ತು ವಾಲುವಾಗ ಒಲೆ ಹಚ್ಚಿದಳೆಂದರೆ ದೀಪ ಹಚ್ಚುವ ತನಕ ಸೊಂಟ ನೆಟ್ಟಗೆ ಮಾಡುತ್ತಿರಲಿಲ್ಲ. ಅವಳ ಮಿರ್ಚಿಗೆ ಆ ರಸ್ತೆಯಲ್ಲಿ ಹೆಸರಿತ್ತು. ಮೇಲೆ ಗರಿಗರಿ, ಒಳಗೆ ಮೆತ್ತಗೆ, ಮೆಣಸಿನಕಾಯಿಯ ಹೊಟ್ಟೆಯಲ್ಲಿ ಒಂದು ಚಿಟಿಕೆ ಅಜವಾನ. ಜೊತೆಗೆ ಒಗ್ಗರಣೆ ಹಾಕಿದ ಮಂಡಕ್ಕಿ.

ಗುಡ್ಡದ ಕೆಂಪು ಮಣ್ಣಿಗೆ ಚೀನಾದಲ್ಲಿ ಬಂಗಾರದ ಬೆಲೆ ಬಂದ ವರ್ಷಗಳವು. ಅದಿರಿನ ಲಾರಿಗಳು ಸಂತೆಗೆ ಹೊರಟ ದನಗಳ ಹಾಗೆ ಒಂದರ ಬಾಲಕ್ಕೆ ಇನ್ನೊಂದು ಮೂಗು ತಾಗಿಸಿಕೊಂಡು ಹಗಲೂ ರಾತ್ರಿ ನಿಂತಿರುತ್ತಿದ್ದವು. ಬಿಳಿ ನಾಯಿ ಎಂಬುದು ಆ ರಸ್ತೆಯಲ್ಲಿ ಇರಲೇ ಇಲ್ಲ. ಹುಟ್ಟುವಾಗ ಬಿಳಿಯಿದ್ದರೂ ವಾರದಲ್ಲಿ ಕೆಂಪಾಗುತ್ತಿತ್ತು. ಲಾರಿ ಮುಂದಕ್ಕೆ ಹೋಗದಿದ್ದರೆ ಡ್ರೈವರು ಕೆಳಗಿಳಿಯುತ್ತಾನೆ, ಇಳಿದವನಿಗೆ ಹಸಿವಾಗುತ್ತದೆ. ಗಂಗಾಂಬಿಕಾಳ ಸಂಸಾರ ಅರ್ಧ ನಡೆಯುತ್ತಿದ್ದದ್ದು ಹಾಗೆ. ಇನ್ನರ್ಧವನ್ನು ಗಂಡ ಮಲ್ಲೇಶ್ ನಡೆಸುತ್ತಿದ್ದ. ಅವನೂ ಯಾರದೋ ಲಾರಿಯ ಡ್ರೈವರು, ಟ್ರಿಪ್ಪಿಗೆ ಇಷ್ಟು ಎಂದು ಕೂಲಿ.

ಬಾಣಲೆಗೆ ಒಂದು ಸಲ ಬಿಟ್ಟು ತೆಗೆದಷ್ಟು ಮಿರ್ಚಿಗೆ ಒಂದು ಘಾಣ ಎನ್ನುತ್ತಾರೆ. ಗಂಗಾಂಬಿಕಾಳ ಲೆಕ್ಕವೆಲ್ಲ ಘಾಣದಲ್ಲೇ. ಮೊದಲೆರಡು ಘಾಣ ಎಣ್ಣೆ ಹಿಟ್ಟಿಗೆ, ಆಮೇಲಿನದು ಮನೆಯ ಕಿರಾಣಿಗೆ, ಅತ್ತೆಯ ಮೊಣಕಾಲಿನ ಎಣ್ಣೆಗೆ, ಮಗಳ ಶಾಲೆಗೆ. ಎಲ್ಲ ಮುಗಿದು ಹಿಟ್ಟಿನ ಬೋಗುಣಿ ಬಳಿದು ಬಿಡುವ ಕೊನೆಯ ಘಾಣ ಮಾತ್ರ ಆ ವರ್ಷ ದೀಪಾವಳಿಯಿಂದ ಬೇರೆಯಾಯಿತು. ಅದರ ದುಡ್ಡು ತವರಿನಿಂದ ಬಂದ ಹಿತ್ತಾಳೆ ತಂಬಿಗೆಗೆ ಬೀಳುತ್ತಿತ್ತು. ಆ ಘಾಣ ಸುನಿತಾಳದು.

ಸುನಿತಾ ಒಬ್ಬಳೇ ಮಗಳು, ಐದನೇ ಕ್ಲಾಸು. ಜೋಕಾಲಿ ಎಂದರೆ ಊಟ ಬಿಡುವ ಹುಡುಗಿ. ನಾಗರ ಪಂಚಮಿಗೆ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯನ್ನು ಗಣಪತಿ ಬಂದು ಹೋದರೂ ಬಿಚ್ಚಗೊಡುತ್ತಿರಲಿಲ್ಲ. ಅವಳ ಕ್ಲಾಸಿನ ಅಪೇಕ್ಷಾ ಎಂಬ ಹುಡುಗಿ ಅಪ್ಪ ಅಮ್ಮನ ಜೊತೆ ಬೆಂಗಳೂರಿನ ಹತ್ತಿರದ ಆಟದ ಪಾರ್ಕಿಗೆ ಹೋಗಿಬಂದು, ಅಲ್ಲಿನ ಬಣ್ಣದ ಕಾಗದವೊಂದನ್ನು ತಂದು ತೋರಿಸಿದ್ದಳು. ಅದರಲ್ಲಿ ಹಡಗಿನಂಥ ಒಂದು ದೊಡ್ಡ ಜೋಕಾಲಿ. ಒಂದೇ ಸಲಕ್ಕೆ ಒಂದು ಬಸ್ಸಿನಷ್ಟು ಮಂದಿ ಕೂತು ಆಕಾಶಕ್ಕೆ ಹೋಗುತ್ತಿದ್ದಾರೆ, ಎಲ್ಲರ ಬಾಯಿ ತೆರೆದಿದೆ. ಸುನಿತಾ ಆ ಕಾಗದವನ್ನು ಎರಡು ಮಿರ್ಚಿ ಕೊಟ್ಟು ಕೊಂಡುಕೊಂಡು, ಜೋಳ ತುಂಬಿಡುವ ಮಣ್ಣಿನ ವಾಡೆಯ ಮೇಲೆ ಅಂಟಿಸಿ, ದಿನಾ ನೋಡತೊಡಗಿದಳು. ಕೇಳಲಿಲ್ಲ. ಕೇಳದೇ ನೋಡುವ ಮಕ್ಕಳ ಮುಂದೆ ತಂದೆತಾಯಿ ಎಷ್ಟು ದಿನ ನಿಂತಾರು?

ಮಲ್ಲೇಶ್ ಹೊಸದಾಗಿ ಕೊಂಡ ಮೊಬೈಲಿನಿಂದ ಪಾರ್ಕಿಗೆ ಫೋನು ಹಚ್ಚಿ, ಗಂಟಲು ಸರಿಮಾಡಿಕೊಂಡು, ಎಲ್ಲ ಕೇಳಿ ತಿಳಿದುಕೊಂಡ.

"ಲೇ ಗಂಗಾ, ಅಲ್ಲಿ ವಯಸ್ಸು ಕೇಳಂಗಿಲ್ಲಂತ, ಎತ್ತರ ಕೇಳ್ತಾರಂತ. ನಾಲ್ಕೂವರೆ ಅಡಿಗೆ ಒಂದು ಗೆರಿ ಹೊಡದಿರ್ತಾರ. ಅದರ ಕೆಳಗಿದ್ರ ಅರ್ಧ ಟಿಕೆಟ್, ಮ್ಯಾಲಿದ್ರ ಫುಲ್."

"ಮತ್ತ ಆ ಹಡಗಿನ ಜೋಕಾಲಿ?" ಸುನಿತಾ ಬಾಗಿಲ ಹಿಂದಿನಿಂದ ಕೇಳಿದಳು.

"ಅದಕ್ಕೂ ಅದೇ ಗೆರಿನಂತಬೇ. ಗೆರಿ ಮುಟ್ಟಿದೋರನ್ನ ಮಾತ್ರ ಹತ್ತಿಸ್ಕೊಂತಾರ."

ಬಡಿಗನ ಟೇಪು ಇಸಿದುಕೊಂಡು ಬಂದು ಅವನು ಒಳಬಾಗಿಲ ಚೌಕಟ್ಟಿಗೆ ಅಳತೆ ಹಿಡಿದ. ಗೆರೆ ಹೊಡೆಯಲು ಬಣ್ಣಕ್ಕೆಲ್ಲಿ ಹೋಗಬೇಕು? ಕಿಟಕಿಯ ಸಂದಿಯಿಂದ ಅದಿರಿನ ಪುಡಿ ಬಳಿದು, ಎರಡು ಹನಿ ನೀರು ಹಾಕಿ ಕಲೆಸಿ, ಬೆರಳಿನಿಂದ ಎಳೆದ. ಅದು ತೊಳೆದರೆ ಹೋಗುವ ಕೆಂಪಲ್ಲ. ಸುನಿತಾ ಬೆನ್ನು ಹಚ್ಚಿ ನಿಂತರೆ ಗೆರೆ ಇನ್ನೂ ಒಂದು ಹಿಡಿ ಮೇಲಿತ್ತು.

ಗಂಗಾಂಬಿಕಾ ಸಮಾಧಾನದಿಂದ ಲೆಕ್ಕ ಹಾಕಿದಳು. ರೈಲಿಗೆ ಇಷ್ಟು, ಎರಡು ಫುಲ್ ಒಂದು ಅರ್ಧ ಟಿಕೆಟ್ಟಿಗೆ ಇಷ್ಟು, ಅಲ್ಲಿನ ಬಸ್ಸಿಗೆ ಇಷ್ಟು, ಮಲ್ಲೇಶ್ ಎರಡು ದಿನ ಲಾರಿ ಬಿಟ್ಟರೆ ತಪ್ಪುವ ಟ್ರಿಪ್ಪಿಗೆ ಇಷ್ಟು. ಊಟ ಮನೆಯದೇ. ಮುಂದಿನ ದಸರಾ ರಜೆಯ ತನಕ ದಿನಕ್ಕೊಂದು ಘಾಣ ಬಿಟ್ಟರೆ ಕೂದಲೆಳೆಯಲ್ಲಿ ಸಾಲುತ್ತದೆ. ಹುಡುಗಿ ಗೆರೆಯ ಕೆಳಗಿದ್ದರೆ.

"ಅತ್ತಿ, ನೀವೂ ಬರ್ರಿ," ಎಂದು ಬಾಯಿಮಾತಿಗೆ ಕರೆದಳು.

ಅತ್ತೆ ಹಂಪಕ್ಕ ಮೊಣಕಾಲು ನೀವಿಕೊಳ್ಳುತ್ತ, "ನಾ ಯಾಕ ಬರ್ಲೆವ್ವ? ನನ್ನ ಮೊಣಕಾಲು ದಿನಾ ಪುಗಸಟ್ಟೆ ಜೋಕಾಲಿ ಆಡ್ತಾವ. ನೀವು ಹೋಗಿ ರೊಕ್ಕ ಕೊಟ್ಟು ಒದರಿ ಬರ್ರಿ, ನಾ ಮನಿ ಕಾಯ್ತೀನಿ," ಎಂದಳು.

ಸುದ್ದಿ ರಸ್ತೆಗೆ ಬೀಳಲು ತಡವಾಗಲಿಲ್ಲ. ದಿನಾ ಸಂಜೆ ಲಾರಿ ನಿಲ್ಲಿಸುತ್ತಿದ್ದ ವಿರುಪಾಕ್ಷಪ್ಪ ಎಂಬ ಹಿರಿಯ ಡ್ರೈವರು ಬೆಂಚಿನ ಮೇಲೆ ಕೂತು, "ಇದು ಯಾವ ಘಾಣ ತಂಗಿ? ಕಿರಾಣಿದೋ, ಬೆಂಗಳೂರಿಂದೋ?" ಎಂದು ಕೇಳುತ್ತಿದ್ದ. ಬೆಂಗಳೂರಿನದು ಎಂದರೆ ಹೊಟ್ಟೆ ತುಂಬಿದ್ದರೂ ಇನ್ನೊಂದು ಪ್ಲೇಟು ಹಾಕಿಸಿಕೊಳ್ಳುವುದು. "ನಾನೂ ನಿಮ್ಮ ರೈಲಿನ ಅರ್ಧ ಚಕ್ರ ಬೆಂಗಳೂರಿಗೆ ಕಳಿಸಿದಂಗಾತು ಬಿಡು."

ಆದರೆ ಒಂದು ಮನೆಯಲ್ಲಿ ಎರಡು ಹರಕೆ ಇದ್ದವು. ಸುನಿತಾ ದಿನಾ ಶಾಲೆಯಿಂದ ಬಂದವಳೇ ಬೇವಿನ ಕೊಂಬೆ ಹಿಡಿದು ನೇತಾಡುತ್ತಿದ್ದಳು, ಹಾಗೆ ನೇತಾಡಿದರೆ ಎತ್ತರವಾಗುತ್ತಾರೆಂದು ಯಾರೋ ಹೇಳಿದ್ದರು. ಗಂಗಾಂಬಿಕಾ ಬಾಣಲೆಯ ಮುಂದಿನಿಂದಲೇ, "ಇಳೀಲೇ, ಕೊಂಬಿ ಮುರದೀತು!" ಎಂದು ಕೂಗುತ್ತಿದ್ದಳು. ಕೊಂಬೆ ಮುರಿಯುವಂಥದಲ್ಲ; ಅವಳಿಗೂ ಗೊತ್ತಿತ್ತು. ತಿಂಗಳಿಗೊಮ್ಮೆ ಗೆರೆಗೆ ನಿಲ್ಲಿಸಿ ನೋಡುವಾಗ ಮಲ್ಲೇಶ್ ಮಗಳ ಉಬ್ಬಿದ ಕೂದಲಿನ ಮೇಲೆ ಹಗುರಾಗಿ ಅಂಗೈ ಇಡುತ್ತಿದ್ದ. ಗಂಗಾಂಬಿಕಾ ಅವನ ಕೈ ಸರಿಸಿ, ನೆತ್ತಿ ಸಿಗುವ ತನಕ ಕೂದಲನ್ನು ಒತ್ತುತ್ತಿದ್ದಳು.

"ಸಾಕು ಬಿಡಬೇ, ಹುಡುಗಿನ ನೆಲಕ್ಕ ಹೂಳಿಗೀಳೀಯ!" ಎಂದು ಅವನು ನಗುತ್ತಿದ್ದ.

ಒಂದು ಸೋಮವಾರ ಹಂಪಿಗೆ ಹೋದಾಗ ವಿರೂಪಾಕ್ಷನ ಮುಂದೆ ಕೈಮುಗಿದ ಗಂಗಾಂಬಿಕಾಳ ಬಾಯಿಂದ, "ಯಪ್ಪಾ, ದಸರಾ ತನಕ ಈಕಿ ಹಿಂಗ ಇರ್ಲಿ" ಎಂಬ ಮಾತು ಬಂದೇಬಿಟ್ಟಿತು. ಮರುಗಳಿಗೆ ತಾನೇ ಬೆಚ್ಚಿ ಗಲ್ಲ ಬಡಿದುಕೊಂಡಳು. ಮಗಳು ಬೆಳೆಯದಿರಲಿ ಎಂದು ಹೆತ್ತವಳು ದೇವರನ್ನು ಕೇಳುವುದೆ? ತಪ್ಪಾಯಿತು, ತಪ್ಪಾಯಿತು ಎಂದುಕೊಂಡಳು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಮನಸ್ಸಿನ ಯಾವುದೋ ಮೂಲೆ ಒಪ್ಪಲಿಲ್ಲ. ಪಕ್ಕದಲ್ಲಿ ಗಂಟೆ ಹೊಡೆಯಲು ಜಿಗಿಯುತ್ತಿದ್ದ ಸುನಿತಾ ಜಿಗಿಯುವುದನ್ನು ನಿಲ್ಲಿಸಿದ್ದನ್ನು ಅವಳು ಗಮನಿಸಲಿಲ್ಲ.

ಹಿಂದಿನ ಮಳೆಗಾಲದಲ್ಲಿ ರಸ್ತೆಯ ಕೆಂಪು ರಾಡಿ ಹೊಸ್ತಿಲು ದಾಟಿ ಒಳಗೆ ಬಂದಿತ್ತು. ಲಾರಿಗಳಿಂದ ಬಿದ್ದ ಪುಡಿ, ಮೇಲೆ ಮೇಲೆ ಹಾಕಿದ ಗರಸು, ಎಲ್ಲ ಸೇರಿ ರಸ್ತೆ ವರ್ಷ ವರ್ಷ ಏರುತ್ತಿತ್ತು. ಮನೆಗಳು ಇದ್ದಲ್ಲೇ ಇದ್ದವು. ಅದಕ್ಕೇ ಆ ಸಾಲಿನವರೆಲ್ಲ ಬೇಸಿಗೆಯಲ್ಲಿ ನೆಲ ಎತ್ತರಿಸಿಕೊಳ್ಳುತ್ತಿದ್ದರು. ಮಲ್ಲೇಶನೂ ವಿರುಪಾಕ್ಷಪ್ಪನ ಲಾರಿಯಲ್ಲಿ ಮರಳು, ಕಡಪ ಕಲ್ಲು ತರಿಸಿ, ಹಳೆಯ ಸಾರಿಸುವ ನೆಲದ ಮೇಲೆಯೇ ಹಾಸಿದ. ನೆಲ ನಾಲ್ಕು ಬೆರಳು ಮೇಲೆ ಬಂತು. ಹಂಪಕ್ಕ ತಣ್ಣನೆಯ ಕಲ್ಲಿನ ಮೇಲೆ ಮೈಚಾಚಿ, "ಅರಮನಿ ಆತು ನೋಡವ್ವ," ಎಂದಳು. ಒಂದೇ ಕಾಟವೆಂದರೆ, ಮಲ್ಲೇಶ್ ಉದ್ದ ಆಳು. ಅಂದಿನಿಂದ ಒಳಬಾಗಿಲು ದಾಟುವಾಗೆಲ್ಲ ಹಣೆ ಮೇಲಿನ ಅಡ್ಡಪಟ್ಟಿಗೆ ಬಡಿಯತೊಡಗಿತು. ಧಡ್ ಎಂದು ಸಪ್ಪಳವಾದರೆ ಅಪ್ಪ ಬಂದ ಎಂದು ಲೆಕ್ಕ.

"ಈ ಬಾಗಲಾ ಬರಬರ್ತಾ ಗಿಡ್ಡ ಆಗಾಕ ಹತ್ತೈತಲೇ," ಎಂದು ಅವನು ಹಣೆ ತಿಕ್ಕಿಕೊಳ್ಳುತ್ತಿದ್ದ.

ಬೇಸಿಗೆ ರಜೆಗೆ ಸುನಿತಾ ಬಂಡ್ರಿಯ ಅಜ್ಜಿಯ ಮನೆಗೆ ಹೋದಳು, ಬಂದ ಮೇಲೆ ಶಾಲೆ ಶುರುವಾಯಿತು, ಮಳೆ ಹಿಡಿಯಿತು. ಗೆರೆಗೆ ನಿಲ್ಲಿಸುವುದು ಎಲ್ಲರಿಗೂ ಮರೆತೇಹೋಗಿತ್ತು. ನಾಗರ ಪಂಚಮಿಯ ಬೆಳಿಗ್ಗೆ ಎಣ್ಣೆನೀರು ಹಾಕಿಕೊಂಡು, ಹೊಸ ಲಂಗ ಉಟ್ಟು, ಶೇಂಗಾ ಉಂಡಿ ಬಾಯಲ್ಲಿಟ್ಟುಕೊಂಡೇ ಅವಳು ಚೌಕಟ್ಟಿಗೆ ಬೆನ್ನು ಹಚ್ಚಿದಳು. ಮಲ್ಲೇಶ್ ಅಂಗೈ ಇಟ್ಟ. ನೋಡಿದ. ಮತ್ತೆ ನೋಡಿದ.

"ಗಂಗಾ, ಬಾಬೇ ಇಲ್ಲಿ!"

ಗಂಗಾಂಬಿಕಾ ಬಂದು ಅವನ ಕೈ ಸರಿಸಿ ಕೂದಲು ಒತ್ತಿದಳು. ನೆತ್ತಿಯ ಗಟ್ಟಿ ಮೂಳೆ ಅಂಗೈಗೆ ಸಿಕ್ಕಿತು. ಕೆಂಪು ಗೆರೆ ಅವಳ ಕೈಯ ಕೆಳಗಿತ್ತು. ಒಂದು ಬೆರಳು ಕೆಳಗೆ.

"ನಾ ಕುಡಿಸಿದ ರಾಗಿ ಗಂಜಿ ನೋಡು," ಹಂಪಕ್ಕ ಕೂತಲ್ಲಿಂದಲೇ ಪುಣ್ಯ ಕಟ್ಟಿಕೊಂಡಳು. "ಬ್ಯಾಸಗಿ ಮುಗಿಯೋದ್ರೊಳಗ ಐದು ಬೆರಳು ಬೆಳದಾಳ. ನಮ್ಮ ವಂಶನ ಹಂಗ, ಬಿದಿರಿದ್ದಂಗ!"

ಸುನಿತಾ ನಗಲಿಲ್ಲ. ಅಪ್ಪನ ಕಡೆ ನೋಡಲಿಲ್ಲ. ಬಾಯಲ್ಲಿದ್ದ ಉಂಡಿಯನ್ನು ನುಂಗಿ ಅವ್ವನ ಮುಖ ನೋಡಿದಳು.

"ಅವ್ವ, ಫುಲ್ ಟಿಕೆಟ್ ಬೀಳ್ತದಲ್ಲ?"

ಗಂಗಾಂಬಿಕಾ ಮಗಳ ನೆತ್ತಿಯ ಮೇಲಿನ ಕೈ ಹಿಂದಕ್ಕೆ ತೆಗೆದುಕೊಂಡಳು.

"ಬೇಕಿದ್ರ ಅಲ್ಲಿ ನಾ ಮೊಣಕಾಲು ಬಗ್ಗಿಸಿ ನಿಂದ್ರತೀನಿ. ಲಂಗದೊಳಗ ಗೊತ್ತಾಗಂಗಿಲ್ಲ. ಹಿಂಗ." ಹುಡುಗಿ ಚೌಕಟ್ಟಿಗೆ ಬೆನ್ನು ಹಚ್ಚಿಕೊಂಡೇ ಮೊಣಕಾಲು ಸಡಿಲಿಸಿದಳು. ತಲೆ ಜಾರಿ ಗೆರೆಯ ಕೆಳಗೆ ಬಂತು. ಮಾಡಿ ಮಾಡಿ ರೂಢಿಯಾದವಳ ಹಾಗಿತ್ತು ಆ ಜಾರುವಿಕೆ. "ಹಡಗಿನ ಜೋಕಾಲಿ ಬ್ಯಾಡ ನನಗ. ಸಣ್ಣಾವು ಭಾಳ ಅದಾವಂತ ಅಲ್ಲಿ. ನೀ ದೇವರ ಮುಂದ ಕೇಳ್ಕೊಂಡಿದ್ದಿಯಲ್ಲ."

ಗಂಗಾಂಬಿಕಾ ಬಗ್ಗಿ ಮಗಳ ಎರಡೂ ತೋಳ ಬುಡಕ್ಕೆ ಕೈಹಾಕಿ, ಬಾವಿಯಿಂದ ಕೊಡ ಎತ್ತಿದಂತೆ ಅವಳನ್ನು ಮೇಲಕ್ಕೆತ್ತಿದಳು.

"ನೆಟ್ಟಗ ನಿಂದ್ರು," ಎಂದಳು. ದನಿ ಗದರಿದಂತೆ ಬಂತು. ಬೇರೆ ದನಿ ತೆಗೆದರೆ ಅತ್ತುಬಿಡುತ್ತಿದ್ದಳು. "ಯಾರ ಮುಂದೂ ಬಗ್ಗಿ ನಿಂದ್ರಬ್ಯಾಡ. ಬಗ್ಗಿದ್ರ ನೋಡು, ಕಾಲು ಮುರೀತೀನಿ. ಅವತ್ತು ನಾ ದೇವರಿಗೆ ಹೇಳಿದ್ದು ಅವನ ಕಿವಿಗೆ ಬಿದ್ದಿಲ್ಲ, ಚಲೋ ಆತು. ಫುಲ್ ಟಿಕೆಟೇ ಕೊಂಡು ಹೋಗೋಣು."

"ಎಲ್ಲಿಂದ?" ಮಲ್ಲೇಶ್ ಮೆಲ್ಲಗೆ ಕೇಳಿದ.

"ಇನ್ನೊಂದು ಘಾಣ ಬಿಡ್ತೀನಿ ಬಿಡ್ರಿ."

ಇನ್ನೊಂದು ಘಾಣ ಎಂದರೆ ಆಡಿದಷ್ಟು ಸುಲಭವಲ್ಲ. ಇನ್ನೊಂದಿಷ್ಟು ಹಿಟ್ಟು, ಮೆಣಸಿನಕಾಯಿ ಸೀಳುವ ಇನ್ನೊಂದು ತಾಸಿನ ಉರಿಗೈ, ದೀಪ ಹಚ್ಚಿದ ಮೇಲೂ ಒಲೆ. ಆದರೂ ಮರುದಿನದಿಂದಲೇ ಅವಳು ಬಿಟ್ಟಳು. ವಿರುಪಾಕ್ಷಪ್ಪ, "ಬೆಂಗಳೂರು ದೂರ ಆತೇನು ತಂಗಿ?" ಎಂದು ಕೇಳಿದಾಗ, ಗಂಗಾಂಬಿಕಾ ಸೌಟಿನಿಂದ ಬೇವಿನ ಮರದ ಕಡೆ ತೋರಿಸಿ, "ನಮ್ಮ ಹುಡುಗಿ ಉದ್ದ ಆದಳಣ್ಣ," ಎಂದಳು. ಹೇಳುವಾಗ ಬೆವರಿಳಿಯುವ ಆ ಮುಖದಲ್ಲಿ ಗರ್ವವಿತ್ತು. ಸುನಿತಾ ಕೊಂಬೆಗೆ ನೇತಾಡುತ್ತಿದ್ದಳು. ಅವ್ವ ಈಗ ಇಳಿ ಎನ್ನುತ್ತಿರಲಿಲ್ಲ.

ದಸರಾ ರಜೆ ಬಂತು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಬೆಂಗಳೂರು, ಅಲ್ಲಿಂದ ಬಸ್ಸು. ಪಾರ್ಕಿನ ಬಾಗಿಲಲ್ಲಿ ಮೊದಲ ಅಡ್ಡಿ ಎದುರಾಯಿತು. ಹೊರಗಿನ ಊಟ ಒಳಗೆ ಬಿಡುವುದಿಲ್ಲ ಎಂದು ಕಾವಲಿನವನು ಹಂಪಕ್ಕ ಕಟ್ಟಿಕೊಟ್ಟ ಗಂಟನ್ನು ಮುಟ್ಟಿ ನೋಡಿ ಹೇಳಿದ.

"ಒಳಗ ಅಂದ್ರ ಯಾವ ಒಳಗ?" ಎಂದ ಮಲ್ಲೇಶ್. "ಚೀಲದೊಳಗ ಬ್ಯಾಡ, ಹೊಟ್ಟಿಯೊಳಗ ನಡೀತದಲ್ಲ?"

ಕಾವಲಿನವನು ನಕ್ಕುಬಿಟ್ಟ. ಮೂವರೂ ಗೇಟಿನ ಹೊರಗೆ ಮರದ ಕೆಳಗೆ ಕೂತು, ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಇಡೀ ದಿನದ ಊಟವನ್ನು ಬೆಳಿಗ್ಗೆಯೇ ಉಂಡು ಎದ್ದರು. ಗಂಗಾಂಬಿಕಾ ಸೆರಗಿನ ಗಂಟು ಬಿಚ್ಚಿ ದುಡ್ಡು ತೆಗೆದು, ಟಿಕೆಟಿನ ಕಿಟಕಿಗೆ ಹೋಗಿ, "ಮೂರು ಫುಲ್ ಕೊಡ್ರಿ," ಎಂದಳು. ಆ ಮಾತನ್ನು ರೈಲಿನಲ್ಲೇ ಮನಸ್ಸಿನಲ್ಲಿ ಆಡಿ ನೋಡಿಕೊಂಡಿದ್ದಳು.

ಕಿಟಕಿಯ ಹುಡುಗ ಕತ್ತು ಚಾಚಿ ಸುನಿತಾಳನ್ನು ನೋಡಿದ. "ಈ ಪಾಪುಗೆ ಹಾಫ್ ಸಾಕು ಮೇಡಂ."

"ಇಲ್ಲ ರೀ, ಫುಲ್ ಕೊಡ್ರಿ. ಮನ್ಯಾಗ ಅಳತಿ ಮಾಡೀವಿ. ಗೆರಿ ದಾಟ್ಯಾಳ."

"ಮೇಡಂ, ಇಲ್ಲಿ ಎಲ್ರೂ ಹಾಫ್ ಕೊಡಿ ಅಂತ ಜಗಳ ಆಡ್ತಾರೆ. ಫುಲ್ ಕೊಡಿ ಅಂತ ಜಗಳ ಆಡೋರನ್ನ ಇವತ್ತೇ ನೋಡಿದ್ದು. ಬನ್ನಿ, ಅಲ್ಲೇ ಇದೆ ಅಳತೆ, ನಿಲ್ಲಿಸಿ."

ಕಿಟಕಿಯ ಪಕ್ಕದಲ್ಲಿ ಜಿರಾಫೆಯ ಚಿತ್ರದ ಹಲಗೆ, ಅದರ ಕುತ್ತಿಗೆಗೆ ಅಡ್ಡಲಾಗಿ ಹಳದಿ ಗೆರೆ. ಸುನಿತಾ ಹೋಗಿ ನಿಂತಳು. ಬೆನ್ನು ನೆಟ್ಟಗೆ, ಕತ್ತು ನೆಟ್ಟಗೆ, ಮೊಣಕಾಲು ಒಂದಿಷ್ಟೂ ಬಗ್ಗಿರಲಿಲ್ಲ. ಹಳದಿ ಗೆರೆ ಅವಳ ನೆತ್ತಿಯ ಮೇಲೆ, ಮೂರು ಬೆರಳಿನಷ್ಟು ಎತ್ತರದಲ್ಲಿ, ಏನೂ ಆಗಿಲ್ಲವೆಂಬಂತೆ ಇತ್ತು.

"ಸರಿಯಾಗಿ ನಿಂದ್ರಬೇ," ಎಂದಳು ಗಂಗಾಂಬಿಕಾ.

"ನಿಂತೀನಿ ಅವ್ವ."

"ಬಗ್ಗಿಯೇನು?"

"ಇಲ್ಲವ್ವ. ನೋಡು." ಸುನಿತಾ ಲಂಗವನ್ನು ಮೊಣಕಾಲ ತನಕ ಎತ್ತಿ ತೋರಿಸಿದಳು. ಕಾಲು ಕಂಬದಂತೆ ನೆಟ್ಟಗಿದ್ದವು. ನಿಧಾನಕ್ಕೆ ಹಿಮ್ಮಡಿ ಮೇಲೆತ್ತಿ ತುದಿಗಾಲ ಮೇಲೆ ನಿಂತಳು. ತುದಿಗಾಲಲ್ಲಿ ಗೆರೆ ಮುಟ್ಟಿತು. ಆದರೆ ತುದಿಗಾಲಲ್ಲಿ ಎಷ್ಟು ಹೊತ್ತು ನಿಲ್ಲಲಾದೀತು?

"ನಿಮ್ಮ ಹಲಗಿನ ತಪ್ಪೈತಿ," ಗಂಗಾಂಬಿಕಾ ತಿರುಗಿ ನಿಂತಳು. ಬಾಣಲೆಯ ಮುಂದೆ ಇಪ್ಪತ್ತು ಡ್ರೈವರುಗಳನ್ನು ಸಂಭಾಳಿಸುವ ದನಿ ಅದು. "ನಮ್ಮ ಮನ್ಯಾಗ ಟೇಪು ಹಿಡದು ಗೆರಿ ಹೊಡದೀವಿ. ಪಂಚಮಿಗೇ ದಾಟಿದ್ಲು. ದಾಟಿದಾಕಿ ತಿರುಗಿ ಗಿಡ್ಡ ಆಗ್ತಾಳೇನು? ತಗೊಳ್ರಿ ರೊಕ್ಕ, ಎಣಿಸಿಕೊಳ್ರಿ, ಫುಲ್ ಕೊಡ್ರಿ!"

ಸಾಲಿನಲ್ಲಿ ನಿಂತವರು ನಗುವುದೋ ಬಿಡುವುದೋ ತಿಳಿಯದೆ ನೋಡುತ್ತಿದ್ದರು. ಆಗ ಮಲ್ಲೇಶ್ ತನ್ನ ಹಣೆ ಮುಟ್ಟಿಕೊಂಡ. ಬಾಗಿಲಿಗೆ ಬಡಿದು ಬಡಿದು ಅಲ್ಲೊಂದು ಗಂಟು ಕಟ್ಟಿತ್ತು. ಅದನ್ನು ಸವರುತ್ತ ಅವನ ಕೈ ನಿಂತುಹೋಯಿತು.

"ಗಂಗಾ," ಎಂದ.

"ಏನ್ರೀ?"

"ಬಾಗಲಾ ಗಿಡ್ಡ ಆಗಿಲ್ಲಲೇ. ನೆಲ ಎತ್ತರ ಆಗೈತಿ." ಅವನು ತನ್ನ ನಾಲ್ಕು ಬೆರಳು ಜೋಡಿಸಿ ಅವಳ ಮುಂದೆ ಹಿಡಿದ. "ಗೆರಿ ಹೊಡದಿದ್ದು ಮಣ್ಣಿನ ನೆಲದಿಂದ. ಹುಡುಗಿ ನಿಂತಿದ್ದು ಕಡಪ ಕಲ್ಲಿನ ಮ್ಯಾಲೆ."

ಗಂಗಾಂಬಿಕಾ ಆ ನಾಲ್ಕು ಬೆರಳನ್ನೇ ನೋಡುತ್ತ ನಿಂತಳು. ಪಂಚಮಿಯಿಂದ ಬಿಟ್ಟ ಆ ಇನ್ನೊಂದು ಘಾಣವೆಲ್ಲ ಆ ಬೆರಳ ಸಂದಿಯಲ್ಲಿ ಹೊಗೆಯಾಡಿದಂತಾಯಿತು. ಬಗ್ಗಿ ನಿಲ್ಲುತ್ತೇನೆಂದ ಮಗಳನ್ನು ಎತ್ತಿ ನೆಟ್ಟಗೆ ನಿಲ್ಲಿಸಿ, ಎರಡು ತಿಂಗಳು ಆಕಾಶ ತೋರಿಸಿ, ಈಗ ಇಲ್ಲಿ ತಂದು ಮೂರು ಬೆರಳು ಸಾಲದು ಎನ್ನುವುದೆ? ಒಂದು ಕಾಲಕ್ಕೆ ದೇವರ ಮುಂದೆ ಬೇಡಿಕೊಂಡದ್ದೇ ಕೈಗೆ ಬಂದಿತ್ತು. ಅರ್ಧ ಟಿಕೆಟ್ಟಿನ ದುಡ್ಡು ಉಳಿದಿತ್ತು. ಅದನ್ನು ಹಿಡಿದ ಕೈ ಉರಿಯುತ್ತಿತ್ತು.

ಒಳಗೆ ಹೋದರು. ಸುನಿತಾ ಅಳಲಿಲ್ಲ. ಕುದುರೆ ಗೊಂಬೆ ಹತ್ತಿದಳು, ಬಟ್ಟಲಲ್ಲಿ ಕೂತು ತಿರುಗಿದಳು, ನೀರಿಗೆ ಇಳಿದು ಅಪ್ಪನ ಮೈಮೇಲೆ ಎರಚಿ ನಕ್ಕಳು. ಅವ್ವನಿಗೆ ಬೇಸರವಾಗಬಾರದೆಂದು ಒಂದು ಅಳತೆ ಹೆಚ್ಚೇ ನಕ್ಕಳು. ಆ ಹೆಚ್ಚಿನ ನಗೆಯೇ ಗಂಗಾಂಬಿಕಾಳಿಗೆ ತಡೆಯಲಾಗದ್ದು.

ಕೊನೆಗೆ ಹಡಗಿನ ಜೋಕಾಲಿಯ ಮುಂದೆ ಬಂದರು. ಕಾಗದದಲ್ಲಿ ನೋಡಿದ್ದಕ್ಕಿಂತ ದೊಡ್ಡದು. ಈ ತುದಿಯಿಂದ ಆ ತುದಿಗೆ ಅದು ತೂಗಿದರೆ ನಿಂತವರ ಮೈಮೇಲೆ ಗಾಳಿ ಬೀಸುತ್ತಿತ್ತು. ಬಾಗಿಲಲ್ಲಿ ಇನ್ನೊಂದು ಜಿರಾಫೆ. ಸುನಿತಾ ಅದರ ಕಡೆ ನೋಡದೆ ಕಬ್ಬಿಣದ ಬೇಲಿ ಹಿಡಿದು ನಿಂತಳು. ಹಡಗು ಮೇಲೆ ಹೋದಾಗ ಅವಳ ಗಲ್ಲ ಮೇಲೆ, ಕೆಳಗೆ ಬಂದಾಗ ಗಲ್ಲ ಕೆಳಗೆ.

"ಅವ್ವ, ನೀ ಹೋಗು," ಎಂದಳು ಇದ್ದಕ್ಕಿದ್ದಂತೆ.

"ಎಲ್ಲಿಗೆ?"

"ಅದರಾಗ. ನಿಂದು ಫುಲ್ ಟಿಕೆಟ್ ಐತಲ್ಲ. ಬಂಡ್ರ್ಯಾಗ ಮಾವ ಹೇಳ್ಯಾನ, ನೀ ಸಣ್ಣಾಕಿದ್ದಾಗ ಹುಣಸಿ ಗಿಡಕ್ಕ ಕಟ್ಟಿದ ಜೋಕಾಲಿನ ನಿಂತು ಜೀಕಿ, ಮ್ಯಾಲಿನ ಕೊಂಬಿಗೆ ಕಟ್ಟಿದ ಕೊಬ್ಬರಿ ಬಟ್ಟಲಾ ಕಾಲಿಲೆ ಒದ್ದಿದ್ದಿಯಂತ. ಗಂಡುಹುಡುಗರಿಗೂ ಆಗಿದ್ದಿಲ್ಲಂತ."

"ಅದು ಯಾವ ಕಾಲದ ಮಾತು? ನನಗ ಈಗ ನಿಂತ್ರ ಸೊಂಟ ಹಿಡೀತದ, ಕುಂತ್ರ ಕಾಲು ಜೋಮು ಹಿಡೀತದ. ನಿಮ್ಮಪ್ಪನ್ನ ಕಳಿಸು."

"ನಾ ಒಲ್ಲೆವ್ವ," ಮಲ್ಲೇಶ್ ಎರಡು ಹೆಜ್ಜೆ ಹಿಂದಕ್ಕೆ ಸರಿದ. "ನಾ ಡ್ರೈವರು. ಸ್ಟೇರಿಂಗ್ ಇಲ್ಲದ್ದು ಏನು ಹತ್ತಿದ್ರೂ ನನಗ ವಾಂತಿ ಬರ್ತದ."

"ಅವ್ವ, ಹೋಗಬೇ," ಸುನಿತಾ ಸೆರಗು ಹಿಡಿದಳು. "ಕಣ್ಣು ಮಾತ್ರ ಮುಚ್ಚಬ್ಯಾಡ. ಏನೇನು ಕಾಣ್ತದ, ಹೊಟ್ಯಾಗ ಹೆಂಗ ಆಗ್ತದ, ಎಲ್ಲಾ ನೋಡ್ಕೊಂಡು ಬಂದು ನನಗ ಹೇಳಬೇಕು. ಅರ್ಧಮರ್ಧ ಹೇಳಬ್ಯಾಡ ಮತ್ತ."

ಗಂಗಾಂಬಿಕಾ ಮಗಳ ಮುಖ ನೋಡಿದಳು. ಚಪ್ಪಲಿ ಬಿಚ್ಚಿ ಅವಳ ಕೈಗೆ ಕೊಟ್ಟಳು. ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು, ಒಲೆಯ ಮುಂದೆ ಕೂಡುವ ಮೊದಲು ಸಿಕ್ಕಿಸುತ್ತಿದ್ದ ಹಾಗೇ. ಹಡಗಿನಲ್ಲಿ ಕಾಲೇಜು ಹುಡುಗರೇ ತುಂಬಿದ್ದರು. ಎಲ್ಲಿ ಕೂಡಲಿ ಎಂದು ಕೇಳಿದ್ದಕ್ಕೆ ಅಲ್ಲಿನವನು, "ನಡುವೆ ಕೂತ್ಕೊಳ್ಳಿ ಅಮ್ಮ, ತುದಿಗೆ ಹೋದ್ರೆ ಜಾಸ್ತಿ ಎತ್ತರ," ಎಂದ. ಅವಳು ತುದಿಗೆ ಹೋಗಿ ಕೂತಳು. ಕಬ್ಬಿಣದ ಸರಳು ತೊಡೆಯ ಮೇಲೆ ಬಿತ್ತು.

ಮೊದಲ ತೂಗು ತೊಟ್ಟಿಲಿನಂತಿತ್ತು. ಎರಡನೆಯದಕ್ಕೆ ಎದೆ ಧಸಕ್ ಎಂದಿತು. ಮೂರನೆಯದಕ್ಕೆ ನೆಲ ಬಿಟ್ಟುಹೋಯಿತು, ಗಂಗಾಂಬಿಕಾ ಕಣ್ಣು ಮುಚ್ಚಿದಳು. ಕೂಡಲೇ ಮಗಳ ಮಾತು ನೆನಪಾಗಿ ತೆರೆದಳು. ಆಕಾಶ ಎದುರಿಗೇ ಇತ್ತು. ಕೆಂಪು ಧೂಳಿಲ್ಲದ ಆಕಾಶ; ಇಷ್ಟು ನೀಲಿ ಎಂಬುದು ಮರೆತೇಹೋಗಿತ್ತು. ಹಡಗು ತುದಿ ಮುಟ್ಟಿ ಒಂದು ಗಳಿಗೆ ನಿಂತಂತಾಗಿ ಕೆಳಗೆ ಬೀಳುವಾಗ, ಯಾರೂ ಹೇಳಿಕೊಡದೆಯೇ ಅವಳ ಬೆನ್ನು ಹಿಂದಕ್ಕೆ ಬಾಗಿತು, ಅಂಗಾಲು ಮುಂದಕ್ಕೆ ಒತ್ತಿತು. ಜೀಕುವುದನ್ನು ಮೈ ಮರೆತಿರಲಿಲ್ಲ. ಅಷ್ಟು ವರ್ಷ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಮಡಿಸಿಟ್ಟಿದ್ದ ಕಾಲುಗಳು ಹುಣಸೆ ಮರದ ಕೊಬ್ಬರಿ ಬಟ್ಟಲನ್ನು ಹುಡುಕಿದವು. ಯಾರೋ ಗಟ್ಟಿಯಾಗಿ ನಗುತ್ತಿದ್ದರು. ತಾನೇ ಎಂದು ತಿಳಿಯಲು ಅವಳಿಗೆ ಇನ್ನೊಂದು ತೂಗು ಬೇಕಾಯಿತು.

ಹಡಗು ನಿಂತಿತು. ಇಳಿದು ಬಂದವಳ ತುರುಬು ಬಿಚ್ಚಿಹೋಗಿತ್ತು. ಸುನಿತಾ ಚಪ್ಪಲಿಗಳನ್ನು ಎದೆಗೆ ಅವುಚಿಕೊಂಡೇ ಓಡಿಬಂದಳು.

"ಹೇಳು!"

"ತಡಿಯಬೇ, ಉಸಿರು ತಗೊಳ್ಳಾಕ ಬಿಡು." ಗಂಗಾಂಬಿಕಾ ಬೇಲಿಯ ಬುಡದಲ್ಲೇ ಕೂತು ಮಗಳನ್ನು ಪಕ್ಕಕ್ಕೆ ಎಳೆದುಕೊಂಡಳು. "ಮ್ಯಾಲೆ ಹೋಗೂವಾಗ ಏನೂ ಆಗಂಗಿಲ್ಲ. ಬರೂವಾಗ ನೋಡು, ಹಸಿ ಹಿಟ್ಟು ಕಾದೆಣ್ಣಿಗೆ ಬಿಟ್ರ ಹೆಂಗ ಒಮ್ಮೆ ಮುಣುಗಿ ಬುಸ್ ಅಂತ ಮ್ಯಾಲೆ ಬರ್ತದ, ಹೊಟ್ಯಾಗ ಹಂಗ ಆಗ್ತದ."

"ಆಮ್ಯಾಲೆ? ಏನು ಕಂಡ್ತು?"

"ಗುಡ್ಡ ಕಂಡ್ತು. ಕೆರಿ ಕಂಡ್ತು. ನೀ ಕಂಡಿ. ಇರುವಿ ಸಾಲಿನಾಗ ಕೆಂಪು ರಿಬ್ಬನ್ ಕಟ್ಟಿದ ಒಂದು ಇರುವಿ, ನನ್ನ ಚಪ್ಪಲ್ ಹಿಡ್ಕೊಂಡು ನಿಂತಿತ್ತು."

"ಮತ್ತ?"

"ಮತ್ತ ಇನ್ನೊಮ್ಮೆ ಹತ್ತಿ ನೋಡ್ಕೊಂಡು ಬರ್ತೀನಿ ತಡಿ," ಎಂದು ಗಂಗಾಂಬಿಕಾ ಎದ್ದೇಬಿಟ್ಟಳು. ಮಲ್ಲೇಶ್ ಬಾಯಿ ತೆರೆದು ನೋಡಿದ. ಸುನಿತಾ ನಕ್ಕಳು, ಬೆಳಗಿನಿಂದ ಮೊದಲ ಸಲ ಅಳತೆಗೆ ಸರಿಯಾಗಿ.

ಉಳಿದ ದುಡ್ಡಿನಲ್ಲಿ ಟೊಪ್ಪಿಗೆ ಕೊಡಿಸುತ್ತೇನೆಂದು ಮಲ್ಲೇಶ್ ಅಂಗಡಿಯ ಮುಂದೆ ನಿಂತಾಗ ಹುಡುಗಿ ಒಪ್ಪಲಿಲ್ಲ. ಅದನ್ನು ತಿರುಗಿ ತಂಬಿಗೆಗೇ ಹಾಕಬೇಕೆಂದಳು.

ಊರಿಗೆ ಬಂದ ಮೇಲೆ ಮಲ್ಲೇಶ್ ಮತ್ತೆ ಟೇಪು ತಂದ. ಈ ಸಲ ಕಡಪ ಕಲ್ಲಿನಿಂದ ಅಳೆದು, ಅದಿರಿನ ಪುಡಿ ಕಲೆಸಿ, ಹಳೆಯ ಗೆರೆಗಿಂತ ನಾಲ್ಕು ಬೆರಳು ಮೇಲೆ ಹೊಸ ಗೆರೆ ಎಳೆದ. ಹಂಪಕ್ಕ, "ನನ್ನ ರಾಗಿ ಗಂಜಿನೂ ಕಲ್ಲೇ ಕುಡೀತಲ್ಲೋ," ಎಂದು ಗೊಣಗಿದಳು. ಸುನಿತಾ ಬೆನ್ನು ಹಚ್ಚಿ ನಿಂತಳು. ಗಂಗಾಂಬಿಕಾ ಕೈ ಚಾಚಿ, ಕೂದಲು ಒತ್ತದೆ, ಉಬ್ಬಿದ ರಿಬ್ಬನ್ನಿನ ಹೂವಿನ ಮೇಲೆ ಅಂಗೈಯನ್ನು ಸುಮ್ಮನೆ ಇಟ್ಟಳು.

"ಕೂದಲಾ ಒತ್ತಬೇ," ಎಂದ ಮಲ್ಲೇಶ್, ಈ ಸಲ ಅವನೇ.

"ಇರ್ಲಿ ಬಿಡ್ರಿ. ಅದೂ ಆಕಿದೇ ಐತಿ."

ಆವತ್ತು ಸಂಜೆ ಬೆಂಚಿನ ಮೇಲೆ ವಿರುಪಾಕ್ಷಪ್ಪ ಕೂತಿದ್ದ. ಹಿಟ್ಟಿನ ಬೋಗುಣಿ ಬಳಿದು ಗಂಗಾಂಬಿಕಾ ಕೊನೆಯ ಘಾಣ ಬಿಟ್ಟಳು, ಮಿರ್ಚಿಗಳು ಮುಳುಗಿ ಬುಸ್ ಎಂದು ಮೇಲೆದ್ದವು.

"ಬೆಂಗಳೂರು ಮುಗೀತಲ್ಲ ತಂಗಿ. ಇದು ಯಾರ ಘಾಣ ಈಗ?"

"ಬೆಂಗಳೂರಿಂದೇ ಅಣ್ಣ," ಎಂದಳು ಅವಳು ಸೌಟು ಆಡಿಸುತ್ತ. "ಇನ್ನಾ ಮೂರು ಬೆರಳು ಬಾಕಿ ಐತಿ."

"ಹಂಗಾದ್ರ ನನಗೊಂದು ಪ್ಲೇಟು ಹಾಕು."

ಬೇವಿನ ಕೊಂಬೆ ಕಿರುಗುಟ್ಟಿತು. ಗಂಗಾಂಬಿಕಾ ಬಾಣಲೆಯಿಂದ ತಲೆ ಎತ್ತಿ ಅತ್ತ ಕೂಗಿದಳು.

"ಲೇ ಸುನೀ, ಇಷ್ಟು ಜಲ್ದಿ ಯಾಕ ಇಳದಿ? ಇನ್ನೊಂದೀಟು ಹೊತ್ತು ಜೋತಾಡಬೇ!"